ಸದ್ದಿಲ್ಲದ ಇಂಜಿನ್

ಅಮೀರ್‌ಪೇಟ್, ಹೈದರಾಬಾದ್
12 ಸೆಪ್ಟೆಂಬರ್ 1999

ಅಪ್ಪಾ,

ಹಾಸ್ಟೆಲ್ಲಿನಲ್ಲಿ ಎಲ್ಲರೂ ಸಿನಿಮಾಕ್ಕೆ ಹೋಗಿದ್ದಾರೆ. ನಾನು ಹೋಗಲಿಲ್ಲ. ಇದನ್ನು ಪೋಸ್ಟಿಗೆ ಹಾಕುವುದೂ ಇಲ್ಲ. ಸಂಜೆ ಸನತ್‌ನಗರಕ್ಕೆ ಹೋಗಿ, ಡ್ರೈವರುಗಳು ಮಲಗುವ ರನ್ನಿಂಗ್ ರೂಮಿನಲ್ಲಿ ಗೊಲ್ಲಾಳಪ್ಪ ಕಾಕಾನ ಕೈಗೆ ಕೊಡುತ್ತೇನೆ. ಸಿಮೆಂಟ್ ಇಳಿಸಿದ ಖಾಲಿ ಗಾಡಿಯಲ್ಲಿ, ಕಾಕಾನ ಕಬ್ಬಿಣದ ಲೈನ್ ಬಾಕ್ಸಿನೊಳಗೆ, ದೀಪ ಬಾವುಟಗಳ ಜೊತೆ ಕುಳಿತುಕೊಂಡು ಅದು ವಾಡಿಗೆ ಬರುತ್ತದೆ. ನನಗಿಂತ ಅದರ ನಸೀಬು ಚೆನ್ನಾಗಿದೆ.

ಕಾಲೇಜು ಓಕೆ. ರೂಮ್‌ಮೇಟ್ ಬೀದರಿನವನು, ಆನಂದಕುಮಾರ ಎಂದು. ಕಾಲೇಜಿನವನಲ್ಲ, ಇಲ್ಲಿ ಜಾವಾ ಕೋರ್ಸು ಮಾಡುತ್ತಿದ್ದಾನೆ. ಈ ರಸ್ತೆಯಲ್ಲಿ ಗೋಡೆ ಕಾಣುವುದಿಲ್ಲ, ಜಾವಾ, ಒರಾಕಲ್, ಮೇನ್‌ಫ್ರೇಮ್ ಬೋರ್ಡುಗಳೇ ಕಾಣುತ್ತವೆ. ಎಲ್ಲರಿಗೂ ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದಂತಿದೆ.

ಈಗ ಮುಖ್ಯ ವಿಷಯ. ನಮ್ಮ ರೈಲಿಗೆ ಹೊಸ ಇಂಜಿನ್ ಸಿಕ್ಕಿದೆ.

ಐದನೇ ಕ್ಲಾಸಿಗೆ ನನ್ನನ್ನು ಗುಲ್ಬರ್ಗದ ಹಾಸ್ಟೆಲ್ಲಿಗೆ ಬಿಡುವ ಮೊದಲು ನೀವು ತಂದ ಆಟದ ರೈಲು ಎಷ್ಟು ಚಿಕ್ಕದು ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಒಂದು ಸುತ್ತು ಹಳಿ, ನಾಲ್ಕು ಡಬ್ಬಿ, ಗಿರಣಿಯಂತೆ ಅರಚುವ ನಾಲ್ಕು ಗಾಲಿಯ ಇಂಜಿನ್. ಅದು ಕಲಿಯುವವರ ಸೆಟ್ಟು. ಸಿಕಂದರಾಬಾದಿನ ಕ್ಲಾಕ್ ಟವರ್ ಹತ್ತಿರ ಹಳೆ ಸಾಮಾನಿನ ಅಂಗಡಿಯಲ್ಲಿ ನನಗೆ ಸಿಕ್ಕಿರುವುದು ಹನ್ನೆರಡು ಗಾಲಿಯ ಡೀಸೆಲ್. ನೀವು ಓಡಿಸುತ್ತಿದ್ದ ಆಲ್ಕೋ ಇಂಜಿನ್ನಿನದೇ ಉದ್ದ ಮೂತಿ. ನನ್ನ ವಾಕ್‌ಮನ್ ಕೊಟ್ಟು ತೆಗೆದುಕೊಂಡೆ. ಬೈಯಬೇಡಿ, ಕ್ಯಾಸೆಟ್ ಕೇಳಲು ಇಲ್ಲಿ ಟೈಮೇ ಇಲ್ಲ.

ಜೂನಿನಲ್ಲಿ ಕಣ್ಣಿನ ಪರೀಕ್ಷೆ ಮಾಡಿ ನಿಮ್ಮನ್ನು ಇಂಜಿನ್ನಿನಿಂದ ಇಳಿಸಿ ಆಫೀಸಿನ ಕುರ್ಚಿಗೆ ಹಾಕಿದಾಗ, ವಯಸ್ಸಾದ ಮೇಲೆ ಎಲ್ಲರಿಗೂ ಬರುವ ಚಾಳೀಸು ಅದು ಎಂದು ನಕ್ಕಿರಿ. ಆದರೆ ಕಾಕಾ ಹೋದ ವಾರ ಹೇಳಿದರು: "ಆಫೀಸಿನ್ಯಾಗ ನಿಮ್ಮಪ್ಪ ಹೊಸಾ ಮದಲಿಂಗನ ಗತೆ ಕುಂತಿರ್ತಾನ. ಮಾತಿಲ್ಲ ಕತಿಯಿಲ್ಲ." ಅದಕ್ಕೇ ಈ ಪ್ಲಾನು. ನೀವು ಮತ್ತೆ ಇಂಜಿನ್ ಓಡಿಸಬೇಕು. ಸಣ್ಣದಾದರೂ ನಿಜವಾದ ಇಂಜಿನ್ನಿನಂತೆ ಹೊರಡಬೇಕು, ನಿಲ್ಲಬೇಕು. ನಾನು ರಜೆಗೆ ಬಂದಾಗ ಇಬ್ಬರೂ ಕೂತು ಓಡಿಸೋಣ.

ಟೇಬಲ್ಲಿನ ಅಳತೆ ಬರೆದು ಕಳಿಸಿ.

ಸಮರ್ಥ್

---

ವಾಡಿ
20 ಸೆಪ್ಟೆಂಬರ್

ಸಮರ್ಥಾ,

ಪತ್ರ ಮುಟ್ಟಿತು. ನಿನ್ನ ಅಕ್ಷರ ಇರುವೆ ಸಾಲಿನಂತೆ ಇವೆ. ಇಷ್ಟು ವರ್ಷ ಇಂಗ್ಲಿಷ್ ಶಾಲೆಯಲ್ಲಿ ಇದನ್ನೇ ಕಲಿಸಿದರೇನು? ಇನ್ನು ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಬರಿ. ಒಂದು ಸಾಲು ಬಿಟ್ಟು ಒಂದು ಸಾಲು ಬರಿ. ಹಾಳೆಯ ಒಂದೇ ಮಗ್ಗುಲು ಬರಿ.

ಟೇಬಲ್ ನನ್ನ ಮೊಳದಲ್ಲಿ ಉದ್ದ ನಾಲ್ಕು, ಅಗಲ ಎರಡೂವರೆ. ಟೇಪು ಎಲ್ಲಿ ಇಟ್ಟಿದ್ದೇವೋ ಸಿಗಲಿಲ್ಲ.

ಹಳೆ ಇಂಜಿನ್ ಚೆನ್ನಾಗಿಯೇ ಇದೆ. ಅರಚಿದರೆ ಅರಚಲಿ. ಹೊಸದಕ್ಕೆ ಯಾಕೆ ಗದ್ದಲ ಮಾಡುತ್ತಿ?

ಆದರೂ ಮಾಡುವುದೇ ಆದರೆ ಒಂದು ಮಾತು ನೆನಪಿಡು. ತುಂಬಿದ ಗಾಡಿಯನ್ನು ಒಮ್ಮೆಲೇ ಎಳೆಯಬಾರದು. ವೇಗದ ಹಿಡಿಕೆಯನ್ನು ಮೊದಲನೇ ನಾಚಿಗೆ, ಅಂದರೆ ಮೊದಲನೇ ಮೆಟ್ಟಿಲಿಗೆ, ಹಾಕಿ ಕಾಯಬೇಕು. ಒಂದೊಂದೇ ಡಬ್ಬಿಯ ಕೊಂಡಿ ಬಿಗಿಯಾಗುತ್ತ ಹೋಗುತ್ತದೆ. ಕಟ್ಟಕಡೆಯ ಡಬ್ಬಿ ಅಲುಗಿದ್ದು ಇಂಜಿನ್ನಿನಲ್ಲಿ ಕುಳಿತವನ ಬೆನ್ನಿಗೆ ಗೊತ್ತಾಗುತ್ತದೆ. ಆಮೇಲೆ ಎರಡನೇ ನಾಚು. ಹೀಗೆ ಎಂಟು. ನಿನ್ನ ಆಟದ ಡಬ್ಬದಲ್ಲಿ ಗುಂಡಿ ತಿರುಗಿಸಿದರೆ ಕುದುರೆ ಒದ್ದ ಹಾಗೆ ಹೊರಡುತ್ತದೆ. ಅದು ಓಡಿಸಿದ ಹಾಗಲ್ಲ.

ಊಟ ಸರಿಯಾಗಿ ಮಾಡುತ್ತಿಯೋ ಇಲ್ಲವೋ ಎಂದು ನಿನ್ನ ಅವ್ವ ಕೇಳುತ್ತಾಳೆ. ಉತ್ತರ ಬರೆದರೆ ಓದಿ ಹೇಳುತ್ತೇನೆ.

ಅಪ್ಪ

---

ಅಮೀರ್‌ಪೇಟ್
3 ಅಕ್ಟೋಬರ್

ಅಪ್ಪಾ,

ಸ್ಕೆಚ್ ಪೆನ್ ತಂದಿದ್ದೇನೆ. ಒಂದು ಹಾಳೆಗೆ ಎಂಟೇ ಸಾಲು ಹಿಡಿಯುತ್ತಿವೆ. ಇಷ್ಟು ದೊಡ್ಡದು ಸಾಕೇ? ನನ್ನ ಅಕ್ಷರ ಕೆಟ್ಟದ್ದೆಂದು ಹಾಸ್ಟೆಲ್ ವಾರ್ಡನ್ನರೂ ಹೇಳುತ್ತಿದ್ದರು. ನೀವು ಹೇಳಿರಲಿಲ್ಲ, ಅಷ್ಟೇ.

ಅವ್ವನಿಗೆ ಹೇಳಿ, ಊಟ ಮಾಡುತ್ತೇನೆ. ಗೋಂಗೂರ ಚಟ್ನಿ ಅಭ್ಯಾಸವಾಗಿದೆ.

ನಿಮ್ಮ ಎಂಟು ನಾಚಿನ ಮಾತು ಓದಿ ಎರಡು ದಿನ ಬೇರೆ ಏನೂ ತಲೆಗೆ ಹೋಗಲಿಲ್ಲ. ನಮ್ಮ ಹಳೆ ಪವರ್ ಡಬ್ಬ ಹೊಸ ಇಂಜಿನ್ನಿಗೆ ಸಾಲುವುದಿಲ್ಲ. ಹಚ್ಚಿದ ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಕೈ ಬಿಡುತ್ತದೆ. ಅದಕ್ಕೆ ಹೊಸದನ್ನು ನಾನೇ ಕಟ್ಟುತ್ತಿದ್ದೇನೆ. ದೊಡ್ಡ ಟ್ರಾನ್ಸ್‌ಫಾರ್ಮರ್, ಅದರ ಮುಂದೆ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ನಾಲ್ಕು ಡಯೋಡುಗಳ ರೆಕ್ಟಿಫೈಯರ್, ಅದರ ಮುಂದೆ ಗುಂಡಿ. ಗುಂಡಿ ನುಣ್ಣಗೆ ತಿರುಗುವುದಿಲ್ಲ. ಎಂಟು ಕಡೆ ಕಟ್ ಕಟ್ ಎಂದು ನಿಲ್ಲುತ್ತದೆ, ಎಂಟು ನಾಚು. ಕೋಠಿಯ ಮಾರ್ಕೆಟ್ಟಿನಲ್ಲಿ ಇಡೀ ದಿನ ಅಲೆದು ಆ ಸ್ವಿಚ್ಚು ಹುಡುಕಿದೆ.

ಇನ್ನೊಂದು ವಿಷಯ. ಹಳೆ ರೈಲು ಟೇಬಲ್ಲಿನ ಆಚೆ ತುದಿಗೆ ಹೋದಾಗ ನಿಧಾನವಾಗುತ್ತಿತ್ತಲ್ಲ, ಅದು ಇಂಜಿನ್ನಿನ ತಪ್ಪಲ್ಲ. ಹಳಿಯ ಜೋಡಣೆಗಳಲ್ಲಿ ಕರೆಂಟು ಸೋರಿಹೋಗುತ್ತದೆ. ಜೋಡಣೆಗಳನ್ನೆಲ್ಲ ಬೆಸೆದು, ಅಡಿಯಿಂದ ಮೂರು ಕಡೆ ಬೇರೆ ತಂತಿ ಕೊಟ್ಟರೆ ಎಲ್ಲ ಕಡೆಯೂ ಒಂದೇ ಶಕ್ತಿ. ಹೊಸ ಹಳಿಗಳನ್ನು ನಾನೇ ಬೆಸೆದು ಹಲಗೆಗೆ ಹೊಡೆದು ಕಳಿಸುತ್ತೇನೆ. ಟಕ ಟಕ ಅನ್ನುವುದೇ ಇಲ್ಲ.

ಇಂಜಿನ್ನಂತೂ ಅಪ್ಪಾ, ಸದ್ದೇ ಇಲ್ಲ! ಒಳಗೆ ಮೋಟಾರಿನ ಎರಡೂ ಕಡೆ ಹಿತ್ತಾಳೆಯ ಭಾರವಾದ ಚಕ್ರಗಳಿವೆ. ರೂಮಿನ ನೆಲದ ಮೇಲೆ ಓಡಿಸಿ ತೋರಿಸಿದೆ. ಆನಂದಕುಮಾರ ಬಗ್ಗಿ ನೋಡಿ, "ಲೇ, ಇದು ಹೊಂಟೈತೋ ನಿಂತೈತೋ? ಹಾವು ಹರದಂಗ ಹರೀತೈತಲ್ಲೋ" ಅಂದ. ನನಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಕ್ಲಾಸಿಗೆ ಹೋಗಲಿಲ್ಲ.

ಒಮ್ಮೊಮ್ಮೆ ಅನಿಸುತ್ತದೆ, ಗುಲ್ಬರ್ಗದಲ್ಲೇ ಬಿ.ಎಸ್ಸಿ. ಸೇರಿದ್ದರೆ ಮನೆಯಿಂದಲೇ ಓಡಾಡಬಹುದಿತ್ತು. ಸುಮ್ಮನೆ ಅಂದೆ.

ದಸರೆಗೆ ಬರುತ್ತೇನೆ.

ಸಮರ್ಥ್

---

ವಾಡಿ
11 ಅಕ್ಟೋಬರ್

ಸಮರ್ಥಾ,

ದಸರೆಗೆ ಬರಬೇಡ. ಹಬ್ಬ ಮುಗಿದ ಕೂಡಲೇ ನಿನಗೆ ಪರೀಕ್ಷೆ ಎಂದು ಗೊಲ್ಲಾಳಪ್ಪ ಹೇಳಿದ. ಅಲ್ಲಿಯೇ ಕುಳಿತು ಓದು. ಮನೆಗೆ ಸುಣ್ಣ ಹೊಡೆಸುವುದಿದೆ, ಸಾಮಾನೆಲ್ಲ ಹೊರಗೆ ಬಿದ್ದಿರುತ್ತದೆ.

ಆಫೀಸಿನಲ್ಲಿ ಕೆಲಸ ಬಹಳ.

ಸುಮ್ಮನೆ ಅಂದೆ ಎಂದು ಬರೆದಿದ್ದಿ. ಸುಮ್ಮನೆ ಅಂದದ್ದನ್ನೂ ಇನ್ನೊಮ್ಮೆ ಅನ್ನಬೇಡ. ನಮ್ಮ ಮನೆಯಲ್ಲಿ ಇಂಜಿನಿಯರ್ ಆಗುವವನು ನೀನೊಬ್ಬನೇ. ನಾನು ಇಂಜಿನ್ ಓಡಿಸಿದೆ, ನೀನು ಮಾಡುವವನಾಗು.

ಅಪ್ಪ

---

ಅಮೀರ್‌ಪೇಟ್
14 ನವೆಂಬರ್

ಅಪ್ಪಾ,

ನಿಮ್ಮ ಪತ್ರದಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿ ಕೂತಿತ್ತು. ಅವಸರದಲ್ಲಿ ಬರೆದಿದ್ದೀರಿ ಎಂದು ಗೊತ್ತಾಯಿತು. ಪರವಾಗಿಲ್ಲ. ದಸರೆಗೆ ಬರಬೇಡ ಎಂದಿರಿ, ಬರಲಿಲ್ಲ. ದೀಪಾವಳಿಗೆ ಬಾ ಎನ್ನಲಿಲ್ಲ, ಬರಲಿಲ್ಲ. ಹಾಸ್ಟೆಲ್ಲಿನ ಟೆರೇಸಿನಲ್ಲಿ ನಿಂತು ಊರವರ ಪಟಾಕಿ ನೋಡಿದೆ.

ಎಲ್ಲ ಸಿದ್ಧವಾಗಿದೆ. ಹಳಿ ಹೊಡೆದ ಹಲಗೆ ಎರಡು ತುಂಡು, ಪವರ್ ಡಬ್ಬ, ಇಂಜಿನ್. ಕಾಕಾ ಲೈನ್ ಬಾಕ್ಸಿನಲ್ಲಿ ಹಿಡಿಯದ್ದನ್ನು ಗಾರ್ಡಿನ ಡಬ್ಬಿಯಲ್ಲಿ ಹಾಕಿಸಿಕೊಂಡು ಬರುತ್ತಾರೆ. ಅವರಿಗೆ ಏನಾಗಿದೆ? ಎರಡು ಸಲ ಕೇಳಿದರು ಆರಾಮ ಇದ್ದೀಯೇನು ಅಂತ. ಎರಡು ಸಲವೂ ಹೂಂ ಅಂದೆ. ಆಮೇಲೆ ಸುಮ್ಮನೆ ನನ್ನ ಬೆನ್ನು ತಟ್ಟಿ ಹೋದರು.

ಜೋಡಿಸುವುದು ಸುಲಭ. ಕೆಂಪು ತಂತಿಗಳೆಲ್ಲ ಬಲಗಡೆಯ ಹಳಿಗೆ, ಕಪ್ಪು ಎಡಗಡೆಗೆ. ಹಸಿರು ಆಚೆ ತುದಿಯದು. ಬಣ್ಣ ನೋಡಿ ಜೋಡಿಸಿದರೆ ಸಾಕು, ತಪ್ಪುವುದು ಸಾಧ್ಯವೇ ಇಲ್ಲ.

ಇಂಜಿನ್ನಿನ ಮೂತಿಯಲ್ಲಿ ದೀಪವಿದೆ. ಕೋಣೆಯ ಲೈಟು ಆರಿಸಿ ಒಂದು ಸಲ ಓಡಿಸಿ. ಹೇಗಿದೆ ಎಂದು ಪೂರ್ತಿ ಬರೆಯಿರಿ. ಒಂದು ಪುಟವಾದರೂ.

ಸಮರ್ಥ್

---

ವಾಡಿ
28 ನವೆಂಬರ್

ಸಮರ್ಥಾ,

ಇಂಜಿನ್ ಮುಟ್ಟಿತು. ಬಹಳ ಚೆನ್ನಾಗಿದೆ. ಬಣ್ಣ ಒಪ್ಪುತ್ತದೆ. ನಾಲ್ಕೂ ಡಬ್ಬಿ ಎಳೆಯುತ್ತದೆ. ದೀಪದ ಬೆಳಕು ಹಳಿಯ ಮೇಲೆ ಚೆನ್ನಾಗಿ ಬೀಳುತ್ತದೆ. ಅವ್ವನೂ ನೋಡಿ ಖುಷಿಪಟ್ಟಳು.

ನೀನು ಮಾಡಿದ ಗುಂಡಿ ಮಾತ್ರ ಕೈಬಿಡಲು ಮನಸ್ಸಾಗುವುದಿಲ್ಲ. ಎಂಟೂ ನಾಚು ಬೆರಳಿಗೆ ಹತ್ತುತ್ತವೆ. ಮೂರನೆಯದು ಸ್ವಲ್ಪ ಬಿಗಿ. ನನ್ನ ಹಳೆ ಇಂಜಿನ್ನಿನಲ್ಲಿಯೂ ಮೂರನೆಯದು ಹಾಗೆಯೇ ಇತ್ತು. ಸುಮ್ಮನೆ ಕುಳಿತಾಗ ತಿರುಗಿಸುತ್ತಿರುತ್ತೇನೆ.

ಚೆನ್ನಾಗಿ ಓದು.

ಅಪ್ಪ

---

ಅಮೀರ್‌ಪೇಟ್
12 ಡಿಸೆಂಬರ್

ಅಪ್ಪಾ,

ಇವತ್ತು ನನ್ನ ಡ್ರಾದಲ್ಲಿ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ಇಂಜಿನ್ನಿನ ದೀಪದ ಬಲ್ಬು. ಹಾಕುವುದನ್ನು ಮರೆತಿದ್ದೆ. ಅದು ಇಲ್ಲೇ ಇದೆ. ಹಾಗಾದರೆ ನಿಮ್ಮ ಹಳಿಯ ಮೇಲೆ ಚೆನ್ನಾಗಿ ಬಿದ್ದ ಬೆಳಕು ಯಾವುದು?

ನೀವು ಪೆಟ್ಟಿಗೆ ಬಿಚ್ಚೇ ಇಲ್ಲ. ಗುಂಡಿಯೊಂದನ್ನು ಹೊರಗೆ ತೆಗೆದು ತಿರುವಿದ್ದೀರಿ, ಉಳಿದದ್ದು ಮಂಚದ ಕೆಳಗಿರಬೇಕು.

ಗುಲ್ಬರ್ಗದ ಹಾಸ್ಟೆಲ್ಲಿನಿಂದ ನಾನು ಬರೆದ ಚಿತ್ರ ಕಳಿಸಿದರೂ ನೀವು ಹೀಗೇ ಉತ್ತರ ಬರೆಯುತ್ತಿದ್ದಿರಿ. ಬಹಳ ಚೆನ್ನಾಗಿದೆ, ಚೆನ್ನಾಗಿ ಓದು. ರಜೆಗೆ ಬಂದಾಗ ಆ ಚಿತ್ರ ಎಲ್ಲೂ ಕಾಣುತ್ತಿರಲಿಲ್ಲ. ನಾನು ನಿಮ್ಮ ಮನೆಗೆ ವರ್ಷಕ್ಕೆ ಎರಡು ಸಲ ಬರುವ ಪ್ಯಾಸೆಂಜರ್. ಬಂದಾಗ ಆ ರೈಲಿನ ಮುಂದೆ ಇಬ್ಬರೂ ಕೂರುತ್ತಿದ್ದೆವು. ಅಷ್ಟೇ ನಮಗಿದ್ದದ್ದು. ಅದನ್ನೇ ಚೆನ್ನಾಗಿ ಮಾಡೋಣ ಅಂತ ಹೊರಟೆ. ಯಾರಿಗೆ ಬೇಕಿತ್ತು ಅದು?

ಈ ವಾರ ಲ್ಯಾಬ್ ವೈವಾ ಇತ್ತು. ಚೆನ್ನಾಗಿ ಆಯಿತು. ನೀವು ಬರೆಯುವ ಹಾಗೆಯೇ, ಚೆನ್ನಾಗಿ.

ಸಂಕ್ರಾಂತಿಗೂ ಬರುವುದಿಲ್ಲ.

ಸಮರ್ಥ್

---

ವಾಡಿ
2 ಜನವರಿ 2000

ತಮ್ಮಾ ಸಮರ್ಥ,

ಈ ಅಕ್ಷರ ಗೊಲ್ಲಾಳಪ್ಪನವು. ಮಾತು ನಿಮ್ಮಪ್ಪನವು. ನಾನು ನಿಮ್ಮ ಮನೆಯಲ್ಲಿ ಟೇಬಲ್ಲಿನ ಹತ್ತಿರ ಕುಳಿತು ಬರೆಯುತ್ತಿದ್ದೇನೆ. ನಿಮ್ಮವ್ವ ಬಾಗಿಲ ಹತ್ತಿರ ಕುಳಿತು ಕೇಳುತ್ತಿದ್ದಾಳೆ.

ಮೊದಲು ಏನು ಬರೆಯಲಿ ಎಂದು ಕೇಳಿದೆ. "ನನ್ನ ಕಣ್ಣು ಹೋಗ್ಯಾವ ಅಂತ ಬರಿ" ಅಂದ. ಸ್ವಲ್ಪ ಮೆತ್ತಗೆ ಬರೆಯೋಣ ಭೀಮಣ್ಣಾ ಎಂದೆ. "ಮೆತ್ತಗ ಬರದ್ರ ಕಣ್ಣು ತಿರುಗಿ ಬರ್ತಾವೇನು? ಹಂಗ ಬರಿ."

ಅದಕ್ಕೆ ಹಾಗೇ ಬರೆದಿದ್ದೇನೆ. ತಪ್ಪು ತಿಳಿಯಬೇಡ.

ಚಾಳೀಸು ಅಲ್ಲ ಅದು. ಕಣ್ಣಿನ ಹಿಂದಿನ ನರ ಒಣಗುವ ರೋಗ. ಜೂನಿನಲ್ಲಿಯೇ ರೈಲ್ವೆ ಡಾಕ್ಟರ್ ಹೇಳಿದ್ದರು. ಆಫೀಸಿನ ಕುರ್ಚಿಯಲ್ಲಿ ಕುಳಿತದ್ದು ಗಣಪತಿ ಹಬ್ಬದವರೆಗೆ ಮಾತ್ರ. ಆಮೇಲೆ ರಜೆಯ ಮೇಲೆ ಮನೆಯಲ್ಲಿಯೇ ಇದ್ದಾನೆ. ನಿನ್ನ ದೊಡ್ಡ ಅಕ್ಷರದ ಪತ್ರವನ್ನು ಮಧ್ಯಾಹ್ನದ ಬಿಸಿಲಿಗೆ ಕಿಟಕಿಯಲ್ಲಿ ಹಿಡಿದು ಮೂಗಿಗೆ ಹಚ್ಚಿಕೊಂಡು ಓದಿದ. ಆಮೇಲಿನ ಪತ್ರ ನಾನೇ ಓದಿ ಹೇಳಿದೆ. ಅವನು ಬರೆಯುವುದು ರಟ್ಟಿನಲ್ಲಿ ಸಾಲಿನಷ್ಟು ಸೀಳಿ, ಆ ಸೀಳಿನಲ್ಲಿ ಪೆನ್ನು ಓಡಿಸಿ. ರಟ್ಟು ಸರಿದರೆ ಸಾಲಿನ ಮೇಲೆ ಸಾಲು.

ಇಂಜಿನ್ನಿನ ವಿಷಯ. ಪೆಟ್ಟಿಗೆ ಬಂದ ದಿನವೇ ಬಿಚ್ಚಿದೆವು. ಕೆಂಪು ಕಪ್ಪು ಹಸಿರು ನಾನು ನೋಡಿ ಜೋಡಿಸಿದೆ. ಗುಂಡಿ ಕೈಗೆ ಕೊಟ್ಟಾಗ ನಿಮ್ಮಪ್ಪ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕ. ಮೊದಲನೇ ನಾಚಿಗೆ ಹಾಕಿ ಕಾದ. ನಂತರ ಕೇಳಿದ, "ಹೊಂಟೈತೇನು?" ಅದು ಅಷ್ಟೊತ್ತಿಗೆ ಅರ್ಧ ಸುತ್ತು ಹೋಗಿತ್ತು, ತಮ್ಮಾ. ಅದರ ಹಿಂದೆ ಡಬ್ಬಿಗಳೂ ಸದ್ದಿಲ್ಲದೆ ಹೋಗಿದ್ದವು.

ಹಳೆಯದು ಅರಚುತ್ತಿತ್ತಲ್ಲ, ಅದು ಮೂಲೆಗೆ ಬಂತು, ಗೋಡೆಯ ಹತ್ತಿರ ಹೋಯಿತು ಎಂದು ಅವನಿಗೆ ತಿಳಿಯುತ್ತಿತ್ತು. ಕಣ್ಣು ಮಬ್ಬಾದ ಮೇಲೂ ಅದನ್ನು ಓಡಿಸುತ್ತಲೇ ಇದ್ದ. ಹೊಸದು ಎಲ್ಲಿದೆ ಎಂದು ತಿಳಿಯಲು ಹಳಿಯ ಪಕ್ಕದಲ್ಲಿ ಮುಂಗೈ ಇಟ್ಟು ಕುಳಿತ. ಸವರಿಕೊಂಡು ಹೋದರೆ ಗೊತ್ತು. ಮಾರನೇ ದಿನ ನಿಮ್ಮವ್ವ ನೀರು ತರಲು ಹೋದಾಗ ಒಬ್ಬನೇ ಐದನೇ ನಾಚಿನವರೆಗೆ ಒಯ್ದ. ತಿರುವಿನಲ್ಲಿ ಹಳಿ ಬಿಟ್ಟು ಟೇಬಲ್ಲಿನಿಂದ ಕೆಳಗೆ ಬಿತ್ತು. "ಬಿದ್ದ ಸಪ್ಪಳ ಆದ ಮ್ಯಾಲ ಗೊತ್ತಾತು ಅದು ಎಲ್ಲಿತ್ತು ಅಂತ" ಅಂದ. ಮುಂದಿನ ಗಾಲಿಗಳು ಸೊಟ್ಟಗಾಗಿವೆ. ನಿನಗೆ ಬಹಳ ಚೆನ್ನಾಗಿದೆ ಎಂದು ಬರೆದದ್ದು ಅದರ ಮೇಲೆ.

ಇನ್ನೊಂದು ಬರಿ ಎನ್ನುತ್ತಾನೆ. ಇದನ್ನು ಬರೆಯಬೇಡ ಎಂದು ನಿಮ್ಮವ್ವ ಅಂದಳು. ಅವನು ಕೇಳಲಿಲ್ಲ.

ಡಿಸೆಂಬರ್ ಒಂಬತ್ತಕ್ಕೆ ನಾವಿಬ್ಬರೂ ಹೈದರಾಬಾದಿಗೆ ಬಂದಿದ್ದೆವು. ದೊಡ್ಡ ಕಣ್ಣಿನ ಆಸ್ಪತ್ರೆಗೆ. ಅಲ್ಲಿಯೂ ಅದೇ ಮಾತು ಹೇಳಿದರು, ಹೋದದ್ದು ಬರುವುದಿಲ್ಲ ಎಂದು. ಹೊರಗೆ ಬಂದ ಮೇಲೆ, ನಿನ್ನ ಹಾಸ್ಟೆಲ್ಲಿನ ಗಲ್ಲಿಗೆ ಕರೆದುಕೊಂಡು ಹೋಗು ಎಂದ. ಆಟೋದಲ್ಲಿ ಬಂದು ರಸ್ತೆಯ ಈಚೆ ಬದಿ ನಿಂತೆವು.

ನಿನಗೆ ಗೊತ್ತಿರಲಿಕ್ಕಿಲ್ಲ. ಇಂಜಿನ್ನಿನಲ್ಲಿ ಸಿಗ್ನಲ್ ಕಂಡ ಕೂಡಲೇ ಅಸಿಸ್ಟೆಂಟ್ ಗಟ್ಟಿಯಾಗಿ ಕೂಗಬೇಕು, ಡ್ರೈವರ್ ತಾನೂ ನೋಡಿ ಅದನ್ನೇ ತಿರುಗಿ ಕೂಗಬೇಕು. ಎರಡು ಬಾಯಲ್ಲೂ ಒಂದೇ ಮಾತು ಬಂದರೆ ಗಾಡಿ ಮುಂದೆ. ನಾನು ಅಸಿಸ್ಟೆಂಟ್ ಇದ್ದಾಗ ನಿಮ್ಮಪ್ಪನ ಪಕ್ಕದಲ್ಲಿ ವರ್ಷಗಟ್ಟಲೆ ಕೂಗಿದ್ದೇನೆ. ಅವತ್ತು ನಿನ್ನ ಗಲ್ಲಿಯ ಎದುರಿಗೆ ನಿಂತು, "ಬಂದ್ರ ಕೂಗು" ಅಂದ.

ನೀನು ಬಸ್ಸಿಳಿದು ಬಂದೆ. ನಾನು ಕೂಗಿದೆ. "ಬಂದ. ನೀಲಿ ಅಂಗಿ. ಬಗಲಾಗ ಫೈಲು. ನಕ್ಕೋತ ಬರಾಕತ್ತಾನ."

ಅವನು ತಿರುಗಿ ಕೂಗಿದ. "ನಕ್ಕೋತ ಬರಾಕತ್ತಾನ."

ಕರೆಯಲೇನು ಎಂದು ಕೇಳಿದೆ. "ಬ್ಯಾಡ. ನಕ್ಕೋತ ಹೊಂಟಂವನ್ನ ಯಾಕ ನಿಲ್ಲಸಬೇಕು? ನಡಿ" ಅಂದ.

ಅದಾದ ಮೇಲೆ ನಿನ್ನ ಸಿಟ್ಟಿನ ಪತ್ರ ಬಂತು. ಓದುವಾಗ ಎರಡು ಸಾಲು ಬಿಟ್ಟು ಓದಿದೆ. "ಯಾಕ ನಿಂತಿ? ಬಿಟ್ಟದ್ದು ಓದು" ಅಂದ. ಓದಿದೆ. ಆ ಚಿತ್ರಗಳನ್ನೆಲ್ಲ ತನ್ನ ಲೈನ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದ, ತಮ್ಮಾ. ಬಾಕ್ಸು ಮನೆಯಲ್ಲಿ ತೆರೆಯುವುದಿಲ್ಲವಲ್ಲ, ನಿನಗೆ ಹೇಗೆ ಕಾಣಬೇಕು. ಇಂಜಿನ್ನಿನಿಂದ ಇಳಿಸಿದ ದಿನ ಬಾಕ್ಸು ವಾಪಸು ತೆಗೆದುಕೊಂಡರು. ಬಿಡಿಸಲು ಹೋದರೆ ಹರಿದವು.

ಕಡೆಗೆ ಇಷ್ಟು ಬರಿ ಎಂದಿದ್ದಾನೆ. ನನ್ನ ಸಲುವಾಗಿ ಕಾಲೇಜು ಬಿಟ್ಟು ಬರಬಾರದು. ಇದನ್ನು ಮುಚ್ಚಿಟ್ಟದ್ದೇ ಆ ಅಂಜಿಕೆಗೆ. "ಅಂವ ಅಲ್ಲಿ ನಕ್ಕೋತ ಇದ್ದಾನಲ್ಲ, ನನಗ ಅಷ್ಟ ಸಾಕು."

ಗೊಲ್ಲಾಳಪ್ಪ

---

ಅಮೀರ್‌ಪೇಟ್
9 ಜನವರಿ 2000

ಕಾಕಾ,

ಈ ಮೊದಲನೇ ಹಾಳೆ ನಿಮಗೊಬ್ಬರಿಗೇ. ಓದಿ ಹರಿದುಬಿಡಿ. ಎರಡನೆಯದನ್ನು ಅಪ್ಪನ ಎದುರು ಓದಿ. ಅದನ್ನು ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಶುರು ಮಾಡಿದ್ದೆ. ನಾಲ್ಕು ಸಾಲು ಬರೆದ ಮೇಲೆ ಕೈ ನಿಂತಿತು. ಹರಿದು ಮತ್ತೆ ಸಣ್ಣ ಅಕ್ಷರದಲ್ಲಿ ಬರೆದೆ.

ಡಿಸೆಂಬರ್ ಒಂಬತ್ತು ನನಗೆ ನೆನಪಿದೆ. ಅವತ್ತು ನನ್ನ ವೈವಾ. ಸರ್ ನನಗೆ ಕೇಳಿದ್ದು ಒಂದೇ ಪ್ರಶ್ನೆ. ನಾಲ್ಕು ಡಯೋಡಿನ ರೆಕ್ಟಿಫೈಯರ್ ಬೋರ್ಡಿನ ಮೇಲೆ ಬರಿ ಅಂದರು. ಅಪ್ಪನ ಪವರ್ ಡಬ್ಬದಲ್ಲಿ ನಾನೇ ಕೈಯಾರೆ ಬೆಸೆದದ್ದು ಕಾಕಾ, ಅದನ್ನೇ ಕೇಳಿದರು. ಚಾಕ್ ಹಿಡಿದು ನಿಂತೆ. ಒಂದು ಗೆರೆಯನ್ನೂ ಎಳೆಯಲಾಗಲಿಲ್ಲ, ಮಾತೂ ಬರಲಿಲ್ಲ. ಇಂಗ್ಲಿಷಿನಲ್ಲೂ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ. ಹಿಂದೆ ಯಾರೋ ನಕ್ಕರು. ಸರ್ ನೆಕ್ಸ್ಟ್ ಅಂದರು.

ಬಸ್ಸಿನಲ್ಲಿ ತಡೆದುಕೊಂಡೆ. ಇಳಿದ ಮೇಲೆ ಆಗಲಿಲ್ಲ. ಈ ಊರಿನಲ್ಲಿ ನನ್ನನ್ನು ಯಾರು ನೋಡುತ್ತಾರೆ ಎಂದು ಮುಖ ಕೂಡ ಮುಚ್ಚಿಕೊಳ್ಳದೆ ಅಳುತ್ತ ಬಂದೆ. ಜ್ಯೂಸ್ ಅಂಗಡಿಯವನು ಕ್ಯಾ ಹುವಾ ಬೇಟಾ ಅಂದ. ನೀವು ರಸ್ತೆಯ ಆಚೆ ನಿಂತಿದ್ದಿರಿ. ಅಷ್ಟು ಹತ್ತಿರದಿಂದ ಕಾಣದೇ ಇರಲು ಸಾಧ್ಯವಿಲ್ಲ. ಪ್ರತಿ ಪರೀಕ್ಷೆಯಲ್ಲೂ ಪಾಸಾದ ಕಣ್ಣು ನಿಮ್ಮದು.

ನಿಮ್ಮ ಪತ್ರ ಓದಿ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎದುರಿಗೆ ಇದ್ದಿದ್ದರೆ ಏನು ಅನ್ನುತ್ತಿದ್ದೆನೋ. ನೀವು ಕಂಡದ್ದನ್ನು ಕೂಗಿದ್ದರೆ ಅಪ್ಪ ನಿಲ್ಲುತ್ತಿದ್ದರು. ರಸ್ತೆ ದಾಟಿ ಬರುತ್ತಿದ್ದರು. ನನಗೆ ಬೇಕಾದದ್ದು ಅಷ್ಟೇ ಆಗಿತ್ತು, ಐದನೇ ಕ್ಲಾಸಿನಿಂದ. ಆ ರಾತ್ರಿ ಟಿ.ಸಿ. ತೆಗೆದುಕೊಂಡು ಮನೆಗೆ ಬಂದುಬಿಡುತ್ತೇನೆಂದು ಅರ್ಜಿ ಬರೆದಿದ್ದೆ. ಅಪ್ಪ ಅವತ್ತು ನನ್ನ ಕೈ ಹಿಡಿದಿದ್ದರೆ ಆ ಅರ್ಜಿಯೂ ಬೇಕಿರಲಿಲ್ಲ, ಜೊತೆಯಲ್ಲೇ ಹೊರಟುಬಿಡುತ್ತಿದ್ದೆ.

ಅದು ನಿಮಗೂ ಗೊತ್ತಿತ್ತು. ಅದಕ್ಕೇ ಹಾಗೆ ಕೂಗಿದಿರಿ. ಸರಿಯೋ ತಪ್ಪೋ ನನಗೆ ಈಗಲೂ ಹೇಳಲು ಬರುವುದಿಲ್ಲ. ಆದರೆ ನೀವು ಕೂಗಿದ್ದೀರಿ, ಅಪ್ಪ ನೋಡದೆಯೇ ತಿರುಗಿ ಕೂಗಿದ್ದಾರೆ. ಈಗ ನಾನು ಬೇರೆ ಕೂಗಿದರೆ ಅವರ ಕೈಯಲ್ಲಿ ಏನು ಉಳಿಯುತ್ತದೆ? ಅರ್ಜಿ ಕೊಟ್ಟಿಲ್ಲ. ಮಾರ್ಚಿನ ಪರೀಕ್ಷೆಗೆ ಕೂರುತ್ತೇನೆ. ಪಾಸಾಗುತ್ತೇನೆಂದು ಅಪ್ಪನಿಗೆ ಹೇಳಬೇಡಿ, ಕೂರುತ್ತಾನೆ ಅನ್ನಿ.

ಎರಡನೇ ಹಾಳೆ ಓದುವಾಗ ನಡುವೆ ಎಲ್ಲೂ ನಿಲ್ಲಬೇಡಿ. ನೀವು ನಿಂತರೆ ಅವರಿಗೆ ತಿಳಿಯುತ್ತದೆ.

ಸಮರ್ಥ್

---

ಅಪ್ಪಾ,

ಕಾಕಾನ ಪತ್ರ ಮುಟ್ಟಿತು. ಆ ಸಿಟ್ಟಿನ ಪತ್ರ ಬರೆದದ್ದಕ್ಕೆ ಏನು ಹೇಳಲಿ, ಗೊತ್ತಾಗುತ್ತಿಲ್ಲ. ಬಂದು ಹೇಳುತ್ತೇನೆ.

ಸಂಕ್ರಾಂತಿಗೆ ಬರುತ್ತಿದ್ದೇನೆ. ಬೇಡ ಅನ್ನಬೇಡಿ. ಕಾಲೇಜಿಗೆ ಹಬ್ಬದ ರಜೆ ಇದೆ, ಭಾನುವಾರ ಸಂಜೆಯ ಗಾಡಿಗೆ ವಾಪಸು ಹೊರಡುತ್ತೇನೆ. ಖಂಡಿತ ಹೊರಡುತ್ತೇನೆ, ನೀವೇ ಸ್ಟೇಷನ್ನಿಗೆ ಬಂದು ಬಿಡಿ.

ಸಣ್ಣ ಗರಗಸ ತರುತ್ತೇನೆ. ನಾನು ಬೆಸೆದ ಜೋಡಣೆಗಳ ಮೇಲೆ ಹಳಿಗೆ ಕಚ್ಚು ಹಾಕುತ್ತೇನೆ, ಅಡಿಯಲ್ಲಿ ತಂತಿ ಇರುವುದರಿಂದ ಕರೆಂಟು ತಪ್ಪುವುದಿಲ್ಲ. ಗೋಡೆಯ ಕಡೆ ಒಂದು ಕಚ್ಚು, ಕಿಟಕಿಯ ಕಡೆ ಎರಡು, ತಿರುವಿಗೆ ಮೊದಲು ಮೂರು. ಪ್ರತಿ ಡಬ್ಬಿಯೂ ಅದರ ಮೇಲೆ ಟಕ್ ಎನ್ನುತ್ತದೆ. ಎಲ್ಲಿದೆ ಎಂದು ಯಾರೂ ನಿಮಗೆ ಹೇಳಬೇಕಾಗಿಲ್ಲ. ಇಂಜಿನ್ನಿನ ಗಾಲಿ ನೋಡುತ್ತೇನೆ. ಅಚ್ಚು ಬಾಗಿದ್ದರೆ ನನ್ನಿಂದ ಆಗುವುದಿಲ್ಲ, ಇಲ್ಲಿಗೆ ತಂದು ಯಾರನ್ನಾದರೂ ಹಿಡಿಯಬೇಕು. ಆಗದೇ ಹೋದರೂ ಆಗದೇ ಹೋಗಲಿ.

ನೀವು ಇಲ್ಲಿಯವರೆಗೆ ಬಂದು ಕರೆಯದೆ ಹೋದದ್ದಕ್ಕೆ ಸಿಟ್ಟಿಲ್ಲ. ಕಾಕಾ ಕಂಡದ್ದು ಸರಿ. ಅವತ್ತು ನನ್ನ ವೈವಾ ಇತ್ತು. ನನಗೆ ಬರುವ ಪ್ರಶ್ನೆಯನ್ನೇ ಕೇಳಿದರು. ಬಸ್ಸಿನಲ್ಲಿ ಗೆಳೆಯ ಏನೋ ಜೋಕು ಹೇಳಿದ್ದ, ಇಳಿದ ಮೇಲೂ ಅದು ತಲೆಯಲ್ಲಿತ್ತು. ಏನು ಜೋಕು ಎಂದು ನೀವು ಕೇಳುತ್ತೀರಿ. ಈಗ ನೆನಪಾಗುತ್ತಿಲ್ಲ.

ಆದರೆ ನಗುತ್ತಲೇ ಬರುತ್ತಿದ್ದೆ, ಅಪ್ಪಾ.

ಸಮರ್ಥ್